ಗಂಟು ನೋವಿನ ಕೈಗೆ ಯಾವ ಶಾಂಪೂ ಬಾಟಲಿ, ಯಾವ ಪೇಸ್ಟ್ ಟ್ಯೂಬ್ ಸುಲಭ?

ಸುಮಾ_ಹಾಸನ

ಅಮ್ಮನಿಗೆ ಎಪ್ಪತ್ತು ದಾಟಿದೆ. ಬೆರಳಿನ ಗಂಟುಗಳು ಊದಿಕೊಂಡು ಮುಷ್ಟಿ ಸರಿಯಾಗಿ ಕಟ್ಟಲು ಬರುವುದಿಲ್ಲ, ಕಣ್ಣೂ ಸ್ವಲ್ಪ ಮಂಜು. ಆದರೂ ಸ್ನಾನ, ತಲೆಗೆ ಎಣ್ಣೆ, ಹಲ್ಲುಜ್ಜುವುದು ಎಲ್ಲ ಅವರೇ ಮಾಡ್ಕೋಬೇಕು. ಇನ್ನೊಬ್ಬರು ಬಚ್ಚಲಿಗೆ ಬರುವುದು ಅವರಿಗೆ ಇಷ್ಟವಿಲ್ಲ, ಅದು ಸರಿಯೇ. ಸ್ನಾನ ಚೆನ್ನಾಗಿಯೇ ಮಾಡುತ್ತಾರೆ, ಡಬ್ಬಿ ಬಾಟಲಿ ತೆಗೆಯುವುದರಲ್ಲೇ ಸುಸ್ತಾಗುತ್ತಾರೆ.

ಶಾಂಪೂ ಪ್ಯಾಕೆಟ್ ಒದ್ದೆ ಕೈಯಲ್ಲಿ ಹರಿಯಲ್ಲ, ಹಲ್ಲಲ್ಲಿ ಕಚ್ಚಿ ಎಳೀತಾರೆ, ಸ್ವಲ್ಪ ಬಾಯಿಗೂ ಹೋಗುತ್ತೆ. ಬಾಟಲಿ ತಂದರೆ ಮುಚ್ಚಳಕ್ಕೆ ಉಗುರು ಹಾಕಿ ಎತ್ತಬೇಕು, ಆ ಸಂದು ಎಷ್ಟು ಸಣ್ಣದು ಅಂದ್ರೆ ನನಗೇ ಕಷ್ಟ. ಶಾಂಪೂ, ಕಂಡೀಷನರ್ ಎರಡೂ ಒಂದೇ ಬಣ್ಣದ ಒಂದೇ ಆಕಾರದ ಬಾಟಲಿ, ಯಾವುದು ಯಾವುದೆಂದು ಗೊತ್ತಾಗಲ್ಲ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಪೊರಕೆ ಕಡ್ಡಿ ಹಾಕಿ ಕೆದಕುತ್ತಾ ಕೂರುತ್ತಾರೆ.

ಪಂಪ್, ಫೋಮ್, ರೋಲ್-ಆನ್ ಅಂತ ಏನೇನೋ ಇವೆಯಲ್ಲ, ಇದರಲ್ಲಿ ಕೈಗೆ ಕಡಿಮೆ ಬಲ ಬೇಕಾದದ್ದು ಯಾವುದು? ಒಳಗಿನ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಪೀಣ್ಯ_ಮೋಲ್ಡರ್

ಸುಮಾ ಅವರೇ, ಮುಚ್ಚಳ ಮತ್ತು ಪಂಪ್ ಬಿಡಿಭಾಗಗಳ ಮೋಲ್ಡಿಂಗ್, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ತುಂಬಿ ಆಕಾರ ಕೊಡುವುದು, ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮಾಮೂಲಿ ಪಂಪ್‌ನಲ್ಲಿ ಮೇಲೆ ಕೆಳಗೆ ಸರಿಯುವ ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಕೆಳಗೆ ಒಂದು ಚಿಕ್ಕ ಗೋಲಿ, ಅದಕ್ಕೂ ಕೆಳಗೆ ಉದ್ದ ನಳಿಗೆ ಇರುತ್ತದೆ. ತಲೆ ಒತ್ತಿದಾಗ ಗೋಲಿ ಕೆಳಗಿನ ದಾರಿ ಮುಚ್ಚುತ್ತದೆ, ಒಳಗಿದ್ದದ್ದು ಮೂತಿಯಿಂದ ಹೊರಗೆ ಬರುತ್ತದೆ. ಕೈ ಬಿಟ್ಟಾಗ ಸ್ಪ್ರಿಂಗ್ ಪಿಸ್ಟನ್ ಅನ್ನು ಮೇಲೆತ್ತುತ್ತದೆ, ಗೋಲಿಯೂ ಮೇಲೆದ್ದು ಬಾಟಲಿಯಿಂದ ಹೊಸದಾಗಿ ಎಳೆದುಕೊಳ್ಳುತ್ತದೆ. ಅಂದರೆ ನಿಮ್ಮ ಅಮ್ಮ ಒತ್ತುವ ಬಲ ಎರಡು ಕಡೆ ಖರ್ಚಾಗುತ್ತದೆ, ಸ್ಪ್ರಿಂಗ್ ಅದುಮಲು ಒಂದಿಷ್ಟು, ದಪ್ಪ ದ್ರವವನ್ನು ಸಣ್ಣ ದಾರಿಯಲ್ಲಿ ನೂಕಲು ಇನ್ನೊಂದಿಷ್ಟು. ಲೋಷನ್ ದಪ್ಪ ಇದ್ದಷ್ಟೂ ಒತ್ತುವುದು ಕಷ್ಟ.

ಅದಕ್ಕೇ ಫೋಮ್ ಪಂಪ್ ನೋಡಿ ಅಂತೀನಿ. ಅದರೊಳಗೆ ಎರಡು ಪಂಪ್ ಇವೆ, ಚಿಕ್ಕದು ಸೋಪಿನ ನೀರಿಗೆ, ದೊಡ್ಡದು ಗಾಳಿಗೆ. ಎರಡೂ ಸೇರಿ ಸಣ್ಣ ಜಾಲರಿ ದಾಟುವಾಗ ನೊರೆ ಆಗುತ್ತದೆ. ಒಳಗಿರುವುದು ನೀರಿನಷ್ಟು ತೆಳು, ಆದ್ದರಿಂದ ನೂಕಲು ಜಾಸ್ತಿ ಬಲ ಬೇಡ. ನೊರೆ ಆಗಿಯೇ ಬರುವುದರಿಂದ ಅಂಗೈಯಲ್ಲಿ ಉಜ್ಜುವ ಕೆಲಸವೂ ಕಡಿಮೆ. ಬೆರಳಿನಿಂದ ಒತ್ತದೆ ಅಂಗೈ ಬುಡದಿಂದ ಒತ್ತಲು ಹೇಳಿ, ಅದಕ್ಕೆ ತಲೆ ಅಗಲವಾಗಿರುವ ಪಂಪ್ ಆರಿಸಿ. ಬಾಟಲಿ ಜಾರದಂತೆ ಅಡಿಗೆ ರಬ್ಬರ್ ಮ್ಯಾಟ್ ತುಂಡು ಇಡಿ. ಹೊಸ ಪಂಪ್ ತಲೆ ಕೆಳಗೆ ಲಾಕ್ ಆಗಿರುತ್ತದೆ, ತಿರುಗಿಸಿ ಎಬ್ಬಿಸಬೇಕು. ಆ ಮೊದಲ ತಿರುವು ಗಂಟು ನೋವಿನವರಿಗೆ ಆಗುವಂಥದ್ದಲ್ಲ, ಅದನ್ನು ನೀವೇ ಮಾಡಿಕೊಡಿ.

ಪಂಪ್ ಕಥೆ ಬಂದಿದ್ದಕ್ಕೆ ಒಂದು ಮಾತು. ಅಮೆರಿಕದಲ್ಲಿ ರಾಬರ್ಟ್ ಟೇಲರ್ ಅನ್ನೋರು ತಮ್ಮ ಮಿನೆಟೊಂಕಾ ಕಂಪನಿಯಿಂದ 1980ರಲ್ಲಿ ಸಾಫ್ಟ್‌ಸೋಪ್ ಅಂತ ದ್ರವ ಸೋಪನ್ನು ದೇಶದಾದ್ಯಂತ ಬಿಟ್ಟರು. ದೊಡ್ಡ ಸೋಪ್ ಕಂಪನಿಗಳು ನಕಲು ಮಾಡಿದರೆ ತಮ್ಮ ಕಥೆ ಮುಗೀತು ಅಂತ ಗೊತ್ತಿತ್ತು. ಸೋಪನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಆ ಪ್ಲಾಸ್ಟಿಕ್ ಪಂಪ್ ಮಾಡುತ್ತಿದ್ದವರು ಎರಡೇ ಕಂಪನಿಗಳು. ಟೇಲರ್ ಇಬ್ಬರಿಗೂ ಸೇರಿ 10 ಕೋಟಿ ಪಂಪ್‌ಗೆ ಆರ್ಡರ್ ಕೊಟ್ಟು ಬೇರೆಯವರಿಗೆ ಸಿಗದಂತೆ ಮಾಡಿದರು. ಸೋಪಿಗಿಂತ ಪಂಪ್ ಮುಖ್ಯ ಅಂತ ಆಗಲೇ ಅವರಿಗೆ ಹೊಳೆದಿತ್ತು.

ನೋವಿಗೆ ಮುಲಾಮು ಹಚ್ಚುತ್ತಾರಾದರೆ ಡಬ್ಬಿ ಬಿಟ್ಟು, ಬಾಯಲ್ಲಿ ಉರುಳುವ ಗೋಲಿ ಇರುವ ರೋಲ್-ಆನ್ ತನ್ನಿ. 1952ರಲ್ಲಿ ಅಮೆರಿಕದಲ್ಲಿ ಬಾನ್ ಅನ್ನುವ ಡಿಯೋಡರೆಂಟ್ ಹೀಗೆ ಬಂತು. ಬಾಲ್‌ಪೆನ್ನಿನ ತುದಿಯ ಗೋಲಿಯನ್ನೇ ದೊಡ್ಡದು ಮಾಡಿದ್ದಾರೆ, ಒತ್ತುವುದೂ ಬೇಡ ಹಿಂಡುವುದೂ ಬೇಡ.

ಅಂಗಡಿ_ಮಂಜಣ್ಣ

ಪಂಪ್ ಬಾಟಲಿ ಒಳ್ಳೆಯದೇ ಸಾರ್, ಆದರೆ ಬೆಲೆ? ನಮ್ಮ ಅಂಗಡಿಗೆ ಬರೋ ಕೂಲಿಯವರು ವಾರಕ್ಕೊಂದು ಪ್ಯಾಕೆಟ್ ಶಾಂಪೂ ತಗೊಳ್ತಾರೆ. ಇನ್ನೂರು ಮುನ್ನೂರು ರೂಪಾಯಿ ಒಟ್ಟಿಗೆ ಬಾಟಲಿಗೆ ಹಾಕೋಕೆ ಅವರ ಕೈಲಿ ಆಗಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರು ಶಾಂಪೂವನ್ನು ಸಣ್ಣ ಪ್ಯಾಕೆಟ್ಟಿಗೆ ಹಾಕಿ ಮಾರಿದರು, ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಸ್ವಂತ ಕಂಪನಿ ಕಟ್ಟಿ ಚಿಕ್ ಶಾಂಪೂವನ್ನು ಹಳ್ಳಿ ಹಳ್ಳಿಗೆ ತಲುಪಿಸಿದರು. ಅದಕ್ಕೂ ಮುಂಚೆ ಶಾಂಪೂ ಅಂದ್ರೆ ಶ್ರೀಮಂತರ ಸಾಮಾನು. ಇದನ್ನು ದೊಡ್ಡ ಆವಿಷ್ಕಾರ ಅಂತಲೇ ನಾನು ನಂಬುತ್ತೇನೆ, ಬಡವರ ಜೇಬು ನೋಡಿ ಮಾಡಿದ್ದು.

ಆದರೆ ಸುಮಾ ಅವರು ಹೇಳಿದ್ದು ನಿಜ. ವಯಸ್ಸಾದವರು ಅಂಗಡಿ ಮುಂದೆಯೇ ನಿಂತು "ಸ್ವಲ್ಪ ಕತ್ತರಿಸಿ ಕೊಡಪ್ಪ" ಅಂತಾರೆ. ನಾನು ಮೂಲೆಗೆ ಕತ್ತರಿಯಲ್ಲಿ ಸಣ್ಣ ಗುರುತು ಹಾಕಿ ಕೊಡ್ತೀನಿ, ಪೂರ್ತಿ ಕತ್ತರಿಸಲ್ಲ. ಮನೆಯಲ್ಲಿ ಎಳೆದರೆ ಅಲ್ಲಿಂದಲೇ ಹರಿಯುತ್ತೆ. ನಿಮ್ಮಮ್ಮ ಪ್ಯಾಕೆಟ್ಟೇ ಬೇಕು ಅಂದ್ರೆ ಸ್ನಾನಕ್ಕೆ ಮುಂಚೆ ಒಣಗಿದ ಕೈಯಲ್ಲಿ ಕತ್ತರಿಸಿ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ ಇಡಿ.

ಪೀಣ್ಯ_ಮೋಲ್ಡರ್

ಮಂಜಣ್ಣ, ನೀವು ಹಾಕಿಕೊಡುವ ಆ ಗುರುತೇ ಇದರ ಗುಟ್ಟು. ಪ್ಯಾಕೆಟ್ಟಿನ ಹಾಳೆ ಒಂದೇ ಪದರದ್ದಲ್ಲ, ಬೇರೆ ಬೇರೆ ಪ್ಲಾಸ್ಟಿಕ್ ಪದರ, ಕೆಲವದರಲ್ಲಿ ಅಲ್ಯೂಮಿನಿಯಂ ಕೂಡ. ಸಾಗಿಸುವಾಗ ಒಡೆಯಬಾರದು ಅಂತ ಗಟ್ಟಿ ಮಾಡಿರುತ್ತಾರೆ. ನೇರ ಅಂಚಿನಲ್ಲಿ ಹರಿಯಲು ತುಂಬಾ ಬಲ ಬೇಕು, ಒಂದು ಚಿಕ್ಕ ಸೀಳು ಇದ್ದರೆ ಬಲವೆಲ್ಲ ಅಲ್ಲಿಗೇ ಸೇರಿ ತಾನಾಗಿ ಹರಿಯುತ್ತದೆ. ಆದರೆ ಕಾರ್ಖಾನೆಯಲ್ಲಿ ಆ ಸೀಳು ಸ್ವಲ್ಪ ಆಚೀಚೆ ಬಿದ್ದರೂ ಕೆಲಸಕ್ಕೆ ಬರಲ್ಲ. ಆ ಪದರಗಳನ್ನು ಬಿಡಿಸಲು ಆಗದ್ದರಿಂದ ಖಾಲಿ ಪ್ಯಾಕೆಟ್ ಗುಜರಿಯವರೂ ತಗೊಳ್ಳಲ್ಲ, ಚರಂಡಿ ಸೇರುತ್ತದೆ. ಜೇಬಿಗೆ ಒಳ್ಳೆಯದು, ಊರಿಗೆ ಕೆಟ್ಟದ್ದು. ನನಗೆ ಇದು ನಿಜವಾಗಿ ಬೇಸರದ ವಿಷಯ.

ಯೊಕೊಹಾಮಾ_ಕನ್ನಡಿಗ

ಶಾಂಪೂ ಯಾವುದು ಕಂಡೀಷನರ್ ಯಾವುದು ಅನ್ನೋ ಪ್ರಶ್ನೆಗೆ ಜಪಾನಿನಲ್ಲಿ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಇಲ್ಲಿ ಶಾಂಪೂ ಬಾಟಲಿಯ ಪಕ್ಕದಲ್ಲಿ, ಕೆಲವದರ ಪಂಪ್ ತಲೆಯ ಮೇಲೂ, ಸಾಲಾಗಿ ಸಣ್ಣ ಉಬ್ಬು ಗೆರೆಗಳಿರುತ್ತವೆ. ಕಂಡೀಷನರ್ ಬಾಟಲಿ ನುಣ್ಣಗಿರುತ್ತದೆ. ಕಣ್ಣು ಮುಚ್ಚಿಕೊಂಡು, ಮುಖದ ಮೇಲೆ ನೊರೆ ಇರುವಾಗಲೂ ಬೆರಳು ಸವರಿದರೆ ಸಾಕು.

ಇದನ್ನು 1991ರಲ್ಲಿ ಶುರು ಮಾಡಿದ್ದು ಕಾವೊ ಅನ್ನುವ ಕಂಪನಿ. ಕಣ್ಣು ಕಾಣದವರು ಎರಡೂ ಬಾಟಲಿ ಗುರುತಿಸಲು ಆಗುತ್ತಿಲ್ಲ ಅಂತ ಹೇಳಿಕೊಂಡಿದ್ದರಿಂದ ಈ ಗೆರೆ ಹುಟ್ಟಿತು. ನನಗೆ ಅತ್ಯಂತ ಇಷ್ಟವಾಗುವ ಸಂಗತಿ ಏನೆಂದರೆ, ಕಾವೊ ಅದರ ಹಕ್ಕನ್ನು ತಾನೇ ಇಟ್ಟುಕೊಳ್ಳದೆ ಬಿಟ್ಟುಕೊಟ್ಟಿತು. ಒಂದು ಕಂಪನಿಯ ಶಾಂಪೂಗೆ ಗೆರೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಬಳಸುವವರಿಗೆ ಗೊಂದಲ ಜಾಸ್ತಿಯೇ ಆಗುತ್ತಿತ್ತು ಅಲ್ವಾ. ಎಲ್ಲರೂ ಅದನ್ನೇ ಹಾಕಿದರು, ಆಮೇಲೆ ದೇಶದ ಮಾನಕವೂ ಆಯಿತು. ಇತ್ತೀಚೆಗೆ ಮೈ ತೊಳೆಯುವ ಸೋಪಿನ ಬಾಟಲಿಗೆ ಬೇರೆ ತರಹದ ಒಂದೇ ಗೆರೆ ಬಂದಿದೆ.

ಊರಿಗೆ ಹೋದಾಗ ಅಪ್ಪನಿಗೆ ನಾನು ಮಾಡಿಕೊಟ್ಟಿದ್ದು ಇಷ್ಟೇ, ಶಾಂಪೂ ಬಾಟಲಿಯ ಸೊಂಟಕ್ಕೆ ದಪ್ಪ ರಬ್ಬರ್ ಬ್ಯಾಂಡ್. ಗುರುತೂ ಆಯಿತು, ಒದ್ದೆ ಕೈಗೆ ಹಿಡಿತವೂ ಸಿಕ್ಕಿತು.

ಸುಮಾ_ಹಾಸನ

ರಬ್ಬರ್ ಬ್ಯಾಂಡ್ ಇವತ್ತೇ ಹಾಕ್ತೀನಿ, ಥ್ಯಾಂಕ್ಸ್! ಹಕ್ಕು ಬಿಟ್ಟುಕೊಟ್ಟ ವಿಷಯ ಓದಿ ನಿಜಕ್ಕೂ ಖುಷಿಯಾಯಿತು.

ಇನ್ನೆರಡು ಉಳಿದಿವೆ, ಪೇಸ್ಟ್ ಟ್ಯೂಬ್ ಮತ್ತು ಕೊಬ್ಬರಿ ಎಣ್ಣೆ. ಅಮ್ಮ ಹೇಳ್ತಾರೆ, ಹಿಂದಿನ ಟ್ಯೂಬ್ ಹಿಂದಿನಿಂದ ಸುತ್ತಿಕೊಂಡು ಬಂದರೆ ಕೊನೆವರೆಗೂ ಬರ್ತಿತ್ತು, ಈಗಿನದು ಹಿಂಡಿದರೂ ಮತ್ತೆ ಉಬ್ಬಿಕೊಳ್ಳುತ್ತೆ ಅಂತ. ಹೌದಾ?

ಪೀಣ್ಯ_ಮೋಲ್ಡರ್

ಹೌದು, ಅಮ್ಮ ಸರಿಯಾಗಿ ಗಮನಿಸಿದ್ದಾರೆ. ಹಿಂದಿನದು ಅಲ್ಯೂಮಿನಿಯಂ. ಲೋಹ ಮಡಚಿದಲ್ಲೇ ನಿಲ್ಲುತ್ತದೆ. ಟ್ಯೂಬ್ ಹುಟ್ಟಿದ್ದು ಪೇಸ್ಟಿಗಲ್ಲ, ಬಣ್ಣಕ್ಕೆ. ಜಾನ್ ರ‍್ಯಾಂಡ್ ಎಂಬ ಚಿತ್ರಕಾರ ತನ್ನ ಎಣ್ಣೆ ಬಣ್ಣ ಒಣಗಬಾರದೆಂದು 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ಪಡೆದ, 1896ರ ಹೊತ್ತಿಗೆ ಕೋಲ್ಗೇಟ್ ಪೇಸ್ಟ್ ಕೂಡ ಟ್ಯೂಬಿನಲ್ಲಿ ಬಂತು. ಲೋಹದ ಟ್ಯೂಬಿನ ತೊಂದರೆ ಅಂದರೆ ಮಡಚಿದಲ್ಲಿ ಬಿರುಕು ಬಿಟ್ಟು ಪೇಸ್ಟ್ ಸೋರುತ್ತಿತ್ತು. ಅದಕ್ಕೇ ನಮ್ಮಲ್ಲಿ 1980ರ ದಶಕದಿಂದ ಪ್ಲಾಸ್ಟಿಕ್ ಪದರದ ಲ್ಯಾಮಿನೇಟ್ ಟ್ಯೂಬ್ ಬಂದವು. ಇವು ಒಡೆಯಲ್ಲ, ಆದರೆ ಕೈ ಬಿಟ್ಟ ತಕ್ಷಣ ಹಿಂದಿನ ಆಕಾರಕ್ಕೆ ಹೋಗುತ್ತವೆ.

ಹಾಗಾಗಿ ಟ್ಯೂಬ್ ಬಾಲಕ್ಕೆ ಸಿಕ್ಕಿಸಿ ಸುತ್ತುವ ಕೀಲಿ ಅಥವಾ ಜಾರಿಸುವ ಪ್ಲಾಸ್ಟಿಕ್ ಕ್ಲಿಪ್ ತನ್ನಿ, ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವಾರಕ್ಕೊಮ್ಮೆ ನೀವು ಜಾರಿಸಿಟ್ಟರೆ ಪೇಸ್ಟ್ ಯಾವಾಗಲೂ ಬಾಯಿಯ ಹತ್ತಿರವೇ ಇರುತ್ತದೆ, ಅಮ್ಮ ಮೆಲ್ಲಗೆ ಅಂಗೈಯಿಂದ ಒತ್ತಿದರೆ ಸಾಕು. ಮುಚ್ಚಳ ಅಗಲವಾಗಿದ್ದು ತಲೆಕೆಳಗಾಗಿ ನಿಲ್ಲುವ ಟ್ಯೂಬ್ ಆರಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೃಪಾ ವಾರಣಾಸಿ ಅವರ ತಂಡ ಒಳಗೋಡೆಗೆ ಏನೂ ಅಂಟದಂತೆ ಮಾಡುವ ಜಾರು ಲೇಪನ ಕಂಡುಹಿಡಿದಿದೆ, ಕೋಲ್ಗೇಟ್ ಅದನ್ನು ಬಳಸಿ ಹಿಂಡದೆಯೇ ಜಾರಿ ಬರುವ ಪೇಸ್ಟ್ ಬಾಟಲಿ ಮಾಡಿದೆ. ಅದು ನಮ್ಮ ಬೀದಿ ಅಂಗಡಿಗೂ ಬರಲಿ ಅಂತ ತುಂಬಾ ಆಸೆ ನನಗೆ.

ಅಂಗಡಿ_ಮಂಜಣ್ಣ

ಕೊಬ್ಬರಿ ಎಣ್ಣೆ ವಿಷಯ ನಾನು ಹೇಳ್ತೀನಿ. ಹಿಂದೆ ಎಣ್ಣೆ ತಗಡಿನ ಡಬ್ಬದಲ್ಲಿ ಬರ್ತಿತ್ತು. ಪ್ಯಾರಾಶೂಟ್‌ನವರು ಪ್ಲಾಸ್ಟಿಕ್ಕಿಗೆ ಬದಲಾಯಿಸಲು ಹೊರಟಾಗ ಅಂಗಡಿಯವರು ಬೇಡ ಅಂದರು, ಯಾಕೆಂದರೆ ಮುಂಚೆ ಯಾರೋ ತಂದಿದ್ದ ಚೌಕ ಬಾಟಲಿಗಳನ್ನು ಇಲಿ ಕಡಿದು ಎಣ್ಣೆಯೆಲ್ಲ ಸೋರಿತ್ತು. ಅವರು ಬಾಟಲಿ ದುಂಡಗೆ ಮಾಡಿದರು, ಮೂಲೆ ಇಲ್ಲದಿದ್ದರೆ ಇಲಿಗೆ ಹಲ್ಲು ಹೂಡಲು ಜಾಗ ಸಿಗಲ್ಲ. ಇಲಿ ಇರುವ ಬೋನಿನಲ್ಲಿ ಬಾಟಲಿ ಇಟ್ಟೇ ಪರೀಕ್ಷೆ ಮಾಡಿ ಅಂಗಡಿಯವರಿಗೆ ತೋರಿಸಿದರಂತೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಹಾಸನದ ಚಳಿಗೆ ಕೇಳಬೇಕಾ. ಅಗಲ ಬಾಯಿಯ ಜಾರ್ ಬರುತ್ತೆ, ಚಳಿಗಾಲಕ್ಕೆ ಅದನ್ನೇ ಕೇಳಿ ತಗೊಳ್ಳಿ. ಮುಚ್ಚಳವನ್ನು ಸಡಿಲವಾಗಿಯೇ ಮುಚ್ಚಿಡಿ, ಚಮಚದಲ್ಲಿ ತೆಗೆದು ಅಂಗೈಯಲ್ಲಿ ಇಟ್ಟರೆ ಕರಗುತ್ತೆ.

ಸುಮಾ_ಹಾಸನ

ಫೋಮ್ ಪಂಪ್ ಖಾಲಿ ಬಾಟಲಿ ತಂದು ನಾವು ಬಳಸೋ ಶಾಂಪೂನೇ ತುಂಬಬಹುದಾ? ಮತ್ತೆ ಆ ಉಗುರು ಹಾಕೋ ಮುಚ್ಚಳದ ಬಗ್ಗೆ ಕಂಪನಿಗೆ ಬರೆದರೆ ಯಾರಾದರೂ ಓದ್ತಾರಾ, ಸುಮ್ನೆ ಬರೆಯೋದಾ?

ಪೀಣ್ಯ_ಮೋಲ್ಡರ್

ಹಾಗೇ ತುಂಬಬೇಡಿ, ದಪ್ಪ ಶಾಂಪೂಗೆ ಜಾಲರಿ ಕಟ್ಟಿಕೊಳ್ಳುತ್ತದೆ. ಒಂದು ಪಾಲು ಶಾಂಪೂಗೆ ಮೂರು ನಾಲ್ಕು ಪಾಲು ಕಾಯಿಸಿ ಆರಿಸಿದ ನೀರು ಹಾಕಿ, ಅಲುಗಾಡಿಸದೆ ಮೆಲ್ಲಗೆ ಬೆರೆಸಿ. ನೀರು ಸೇರಿದ ಮೇಲೆ ಕೆಡದಂತೆ ಕಾಯುವ ಅಂಶವೂ ತೆಳುವಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವೇ ಮಾಡಿ ಬೇಗ ಮುಗಿಸಿ. ಪಂಪ್ ಬಿಗಿಯಾದರೆ ಬಿಸಿನೀರು ತುಂಬಿದ ಲೋಟದಲ್ಲಿ ಕೆಲವು ಸಲ ಒತ್ತಿ, ಬಿಡುತ್ತದೆ.

ಖಂಡಿತ ಬರೆಯಿರಿ. ಪ್ಯಾಕಿನ ಹಿಂದೆ ಗ್ರಾಹಕರ ದೂರಿಗೆ ಫೋನ್ ನಂಬರ್, ಇಮೇಲ್ ಇರಲೇಬೇಕು, 2011ರ ಪ್ಯಾಕೇಜ್ ನಿಯಮದಲ್ಲೇ ಇದೆ. "ಮುಚ್ಚಳ ಕಷ್ಟ" ಅಂತ ಬರೆದರೆ ಸಾಲದು. ಯಾವ ಅಳತೆಯ ಬಾಟಲಿ, ಹೆಬ್ಬೆರಳಿಗೆ ಸಂದು ಎಷ್ಟು ಆಳ ಇದೆ, ಎಲ್ಲಿ ಜಾರುತ್ತದೆ, ಫೋಟೋ ಸಮೇತ ಹಾಕಿ. ಒಳಗಿನವನಾಗಿ ಒಂದು ಮಾತು ಹೇಳ್ತೀನಿ, ಅದನ್ನೂ ಸೇರಿಸಿ. ಮುಚ್ಚಳದ ತುಟಿ ಸ್ವಲ್ಪ ದೊಡ್ಡದು ಮಾಡಲು ಅಚ್ಚಿನಿಂದ ಒಂದಿಷ್ಟು ಉಕ್ಕು ಕೆತ್ತಿ ತೆಗೆದರೆ ಆಯಿತು, ಆ ಜಾಗಕ್ಕೂ ಪ್ಲಾಸ್ಟಿಕ್ ತುಂಬಿಕೊಳ್ಳುತ್ತದೆ. ಚಿಕ್ಕದು ಮಾಡಬೇಕಾದರೆ ಅಚ್ಚಿಗೆ ಉಕ್ಕು ಸೇರಿಸಬೇಕು, ಅದು ಕಷ್ಟದ ಕೆಲಸ. ನೀವು ಕೇಳುತ್ತಿರುವುದು ಸುಲಭದ ಕಡೆಯದ್ದು, ಹೊಸ ಅಚ್ಚೇ ಬೇಕು ಅಂತ ಯಾರಾದರೂ ಉತ್ತರ ಕೊಟ್ಟರೆ ಇಲ್ಲಿ ಹಾಕಿ, ಅದಕ್ಕೆ ಏನು ಬರೆಯಬೇಕೋ ನಾನು ಹೇಳ್ತೀನಿ.