ಪ್ಯೂರಿಫೈಯರ್ ಎಣ್ಣೆಯನ್ನು ಸೋಸುತ್ತದಾ, ಜಾಲಿಸುತ್ತದಾ?

ಎಲ್ಲರಿಗೂ ನಮಸ್ಕಾರ. ನಾನು ಸರಕು ಹಡಗೊಂದರಲ್ಲಿ ಫೋರ್ತ್ ಇಂಜಿನಿಯರ್. ಪಂಪು, ಕಂಪ್ರೆಸರ್, ಪ್ಯೂರಿಫೈಯರ್ (ಎಣ್ಣೆಯಿಂದ ನೀರು, ಕಸ ಬೇರೆ ಮಾಡುವ ಯಂತ್ರ) ಎಲ್ಲ ನನ್ನ ತಲೆಗೆ ಕಟ್ಟಿದ ಕೆಲಸ. ಮೊನ್ನೆ ಅಮ್ಮ ಫೋನಿನಲ್ಲಿ, "ದಿನವಿಡೀ ಅಲ್ಲಿ ಏನೋ ಮಾಡ್ತೀಯ?" ಎಂದು ಕೇಳಿದಳು. "ಎಣ್ಣೆ ಸೋಸ್ತೀನಮ್ಮ" ಎಂದೆ. "ಅಷ್ಟು ಎಣ್ಣೆಗೆ ಎಷ್ಟು ದೊಡ್ಡ ಬಟ್ಟೆ ಬೇಕೋ!" ಎಂದಳು.

ಆಗ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅಮ್ಮನದೇ ಸರಿ. ಸೋಸಬೇಕಾದರೆ ಬಟ್ಟೆಯೋ ಜಾಲರಿಯೋ ಬೇಕು ತಾನೇ? ಅದಕ್ಕೆ ನಮ್ಮಲ್ಲಿ ಫಿಲ್ಟರ್ ಬೇರೆ ಇದೆ. ಹಾಗಾದರೆ ಪ್ಯೂರಿಫೈಯರ್ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ಪ್ಯೂರಿಫೈಯರಿನಲ್ಲಿ ಇರುವುದು ಉಕ್ಕಿನ ಒಂದು ಬೌಲ್, ಅದರೊಳಗೆ ಒಂದರ ಮೇಲೊಂದು ಕವುಚಿಟ್ಟ ತೆಳು ತಟ್ಟೆಗಳು. ನಿಮಿಷಕ್ಕೆ ಸಾವಿರಾರು ಸುತ್ತು. ಹಡಗಿನ ಇಂಜಿನ್ನಿಗೆ ಉರಿಸುವ ಭಾರದ ಎಣ್ಣೆ (ಹೆವಿ ಫ್ಯೂಯೆಲ್ ಆಯಿಲ್) ತಣ್ಣಗಿದ್ದರೆ ಡಾಂಬರಿನ ಹಾಗೆ, ಹಾಗಾಗಿ ಸುಮಾರು 98 ಡಿಗ್ರಿಗೆ ಕಾಯಿಸಿ ಬಿಡುತ್ತೇವೆ. ಸುತ್ತಿನ ರಭಸಕ್ಕೆ ಎಣ್ಣೆಗಿಂತ ಭಾರವಾದ ನೀರು, ಕಸ ಅಂಚಿಗೆ ಹೋಗುತ್ತವೆ. ಎಣ್ಣೆ ನಡುವಿಗೆ ಬರುತ್ತದೆ. ಅಂಚಿಗೆ ಮೆತ್ತಿದ್ದನ್ನು ಬೌಲ್ ಆಗಾಗ ತಾನೇ ಬಾಯಿಬಿಟ್ಟು ಹೊರಗೆ ಎಸೆಯುತ್ತದೆ. 'ಧಡ್' ಎನ್ನುತ್ತದೆ, ಆಂಪಿಯರ್ ಮುಳ್ಳು ಒಮ್ಮೆ ಮೇಲೆದ್ದು ಇಳಿಯುತ್ತದೆ. ಹೊತ್ತಾದರೂ ಆ ಸದ್ದು ಕೇಳದಿದ್ದರೆ ಚಹಾ ಬಿಟ್ಟು ಓಡಬೇಕು.

ಆ ಮೆತ್ತಿದ್ದಕ್ಕೆ ನಾನು 'ಗಸಿ' ಅಂತೀನಿ. ಮಂಗಳೂರಿನ ಗೆಳೆಯನಿಗೆ ಮಾತ್ರ ಅವರೂರಿನ ಕೋಳಿ ಪದಾರ್ಥ, ಕೋರಿ ಗಸಿ, ನೆನಪಾಗಿ ಬೇಜಾರು.

ಇದೆಲ್ಲ ಕೇಳಿ ಅಮ್ಮ, "ಹಾಗಾದ್ರೆ ಕಡೆಯೋದು ಅನ್ನು" ಎಂದಳು. ಪೂರ್ತಿ ದಾರಿ ತಪ್ಪಿದ ಮಾತೇನಲ್ಲ. ಈ ಯಂತ್ರದ ಮೂಲ ಹಾಲಿನ ಮನೆಯಲ್ಲೇ ಇದೆ. ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ 1878ರಲ್ಲಿ ಮಾಡಿದ ಕೆನೆ ತೆಗೆಯುವ ಯಂತ್ರದ ವಂಶವೇ ಇದು. ಆದರೂ ನನಗೆ ಒಪ್ಪಿಗೆಯಿಲ್ಲ. ನೀರು ಸೇರಿದ ಎಣ್ಣೆಯನ್ನು ಕಡೆದರೆ ಎರಡೂ ಇನ್ನಷ್ಟು ಬೆರೆತು ಕೂರುತ್ತವೆ.

ಇನ್ನೊಂದು ತೊಡಕು ಇದೆ. ಇದೇ ಯಂತ್ರವನ್ನು ಕ್ಲಾರಿಫೈಯರ್ ಆಗಿಯೂ ಓಡಿಸಬಹುದು. ಆಗ ನೀರು ಹೊರಗೆ ಹೋಗುವ ದಾರಿಯೇ ಇರುವುದಿಲ್ಲ, ಗಸಿ ಮಾತ್ರ ಬೇರೆಯಾಗುತ್ತದೆ. ಎರಡಕ್ಕೂ 'ಶುದ್ಧೀಕರಣ' ಎಂದು ಬರೆದರೆ ಹೊಸ ಹುಡುಗ ಗೊಂದಲಕ್ಕೆ ಬೀಳುತ್ತಾನೆ. ಪ್ಯೂರಿಫೈಯರಿಗೆ ಎಣ್ಣೆಗಿಂತ ಮೊದಲು ಸೀಲಿನ ನೀರು, ಅಂದರೆ ಎಣ್ಣೆಗೆ ತಡೆಯಾಗಿ ನಿಲ್ಲುವ ನೀರು, ಬಿಡಬೇಕು. ಮರೆತರೆ ಒಳ್ಳೆ ಎಣ್ಣೆ ನೀರಿನ ದಾರಿ ಹಿಡಿದು ಗಸಿಯ ಟ್ಯಾಂಕಿಗೆ ಹೋಗುತ್ತದೆ. ನಾನೂ ಒಮ್ಮೆ ಕಳಿಸಿದ್ದೇನೆ, ಬೈಸಿಕೊಂಡಿದ್ದೇನೆ. ಕ್ಲಾರಿಫೈಯರಿಗೆ ಈ ಸೀಲೇ ಬೇಡ. ಅದಕ್ಕೆ 'ತಿಳಿ' ಪದ ಚೆನ್ನಾಗಿ ಕೂರುತ್ತದೆ, ಕೆರೆ ನೀರು ತಿಳಿಯಾಯ್ತು ಅಂತೀವಲ್ವಾ. ಆದರೆ 'ತಿಳಿಸುವ ಯಂತ್ರ' ಎಂದರೆ ರೇಡಿಯೋ ಆಗಿಬಿಡುತ್ತದೆ! ಸದ್ಯಕ್ಕೆ 'ತಿಳಿಯಂತ್ರ' ಎಂದು ಬರೆದುಕೊಂಡಿದ್ದೇನೆ.

ಪ್ಯೂರಿಫೈಯರಿಗೆ ನನಗೆ ಹೊಳೆದದ್ದು 'ಜಾಲಿಸು'. ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಆಡಿಸಿ ಕಲ್ಲು ಬೇರೆ ಮಾಡುತ್ತಾರಲ್ಲ, ಅದು. ಅಲ್ಲಿಯೂ ಬಟ್ಟೆ ಇಲ್ಲ, ಜರಡಿ ಇಲ್ಲ. ಕೈಯ ಆಟ, ಕಲ್ಲಿನ ಭಾರ, ಅಷ್ಟೇ.

ನನ್ನ ಪ್ರಶ್ನೆ ಇದು: ನಿಮ್ಮ ಊರಿನಲ್ಲಿ 'ಜಾಲಿಸು' ಕಾಳುಕಡಿಗೆ ಮಾತ್ರವಾ, ಎಣ್ಣೆ, ಹಾಲು, ಬೆಲ್ಲದ ಪಾಕದಂಥದ್ದಕ್ಕೂ ಹೇಳುತ್ತಾರಾ? ಡೈರಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕೆನೆ ತೆಗೆಯುವ ಆ ಯಂತ್ರ ಓಡುವಾಗ ಹಾಲನ್ನು ಏನು ಮಾಡುತ್ತಿದೆ ಅಂತ ನೀವು ಹೇಳ್ತಿದ್ದಿರಿ?