ಬೆಂಗಳೂರಿನಲ್ಲಿ ಕೈಗೆಟುಕುವ ದರದ ಟೆನಿಸ್ ಕೋರ್ಟ್: ಅನುಭವವಿರುವವರು ತಿಳಿಸಿ

ಧಾರವಾಡದವ:
ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್ನಿನ ಕೋರ್ಟುಗಳಲ್ಲಿ ಹನ್ನೊಂದು ವರ್ಷ ಆಡಿಕೊಂಡಿದ್ದವನು ನಾನು. ವರ್ಗಾವಣೆಯಾಗಿ ನಾಲ್ಕು ತಿಂಗಳ ಹಿಂದೆ ಬೆಂಗಳೂರಿಗೆ ಬಂದು ಬನಶಂಕರಿ ಎರಡನೇ ಹಂತದಲ್ಲಿ ಮನೆ ಮಾಡಿದ್ದೇನೆ. ಜೊತೆಗೆ ಆಡುವವರೊಬ್ಬರು ಸಿಕ್ಕಿದ್ದಾರೆ. ನಮಗೆ ತರಬೇತಿ ಬೇಡ, ಕೋರ್ಟ್ ಮಾತ್ರ ಬೇಕು. ವಾರಕ್ಕೆ ಎರಡು ದಿನ, ಬೆಳಿಗ್ಗೆ 8ಕ್ಕೆ ಮುಂಚೆ ಅಥವಾ ಸಂಜೆ 7ರ ನಂತರ, ತಲಾ ತಿಂಗಳಿಗೆ 2,500 ರೂಪಾಯಿಯೊಳಗೆ ಆಗಬೇಕು. ವಿಚಾರಿಸಿದ ಐದು ಕಡೆಗಳಲ್ಲಿ ನಾಲ್ಕರಲ್ಲಿ ಆ ಹೊತ್ತೆಲ್ಲ ತರಬೇತಿಗೆ ಮೀಸಲು ಎಂದರು. ಐದನೆಯವರು ಗಂಟೆಗೆ 800 ರೂಪಾಯಿ, ದೀಪಕ್ಕೆ ಬೇರೆ 200 ಎಂದರು. ದಯವಿಟ್ಟು ದಾರಿ ತೋರಿಸಿ.

ಮೂರು ಅಕಾಡೆಮಿ ಕಂಡವ:
ದರವನ್ನು ಆಮೇಲೆ ಕೇಳಿ, ಮೊದಲು ಕೋರ್ಟ್ ಇರುವ ಜಾಗ ಯಾರದ್ದು ಎಂದು ಕೇಳಿ. ನಾನು ಕೇಳದೆ ಕೆಟ್ಟವನು. ಕನಕಪುರ ರಸ್ತೆಯ ಒಳಗೊಂದು ಅಕಾಡೆಮಿಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 6ರಿಂದ 7ರವರೆಗೆ ಕೋರ್ಟ್ ಕೊಡುತ್ತೇವೆಂದು ಹೇಳಿ, ಆರು ತಿಂಗಳ ಹಣವೆಂದು 24,000 ರೂಪಾಯಿಯನ್ನು ಮುಂಗಡವಾಗಿ ಪಡೆದರು. ಒಂಬತ್ತು ವಾರ ಆಡಿದೆವು. ಹತ್ತನೆಯ ವಾರದ ಸೋಮವಾರ ಹೋದರೆ ಗೇಟಿಗೆ ಹೊಸ ಬೀಗ ಬಿದ್ದಿತ್ತು. ನೆಟ್ಟನ್ನು ಸುತ್ತಿ ಕಾಂಪೌಂಡಿನ ಹೊರಗೆ, ಚರಂಡಿಯ ಚಪ್ಪಡಿಯ ಮೇಲೆ ಇಟ್ಟಿದ್ದರು. ಆ ನಿವೇಶನ ಅಕಾಡೆಮಿಯವರದ್ದಲ್ಲ, ಹನ್ನೊಂದು ತಿಂಗಳ ಕರಾರಿನ ಮೇಲೆ ಪಡೆದದ್ದು ಎಂಬುದು ಅಂದು ತಿಳಿಯಿತು. ಎರಡು ತಿಂಗಳು ಬೆನ್ನುಬಿದ್ದ ಮೇಲೆ ಹಣ ಮೂರು ಕಂತುಗಳಲ್ಲಿ ಬಂತು: 5,000, 2,500, 1,500. ಒಟ್ಟು 9,000. ಉಳಿದ 15,000ವನ್ನು ಮಳೆಯಿಂದ ತಪ್ಪಿದ ನಾಲ್ಕು ದಿನ ಕಳೆದು ನಾನು ನಿಜವಾಗಿ ಆಡಿದ 23 ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ 652 ರೂಪಾಯಿ ಬೀಳುತ್ತದೆ. ಮುಂಗಡ ಕೊಟ್ಟರೆ ಅಗ್ಗ ಎಂದು ಹೇಳಿದ್ದ ಕೋರ್ಟಿದು.

ಎರಡನೆಯ ಅಕಾಡೆಮಿಯವರು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಹೊತ್ತನ್ನು ಗಂಟೆಗೆ 300ಕ್ಕೆ ಕೊಡುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಹಸಿರು ಬಣ್ಣ ಬಳಿದ ಸಿಮೆಂಟಿನ ಮೇಲೆ ಹನ್ನೆರಡು ಗಂಟೆಗೆ ನಿಂತು ನೋಡಿ, ಷೂಗಳ ಅಡಿ ಅಂಟಿಕೊಂಡಂತೆ ಆಗುತ್ತದೆ. ಮೂರನೆಯದರಲ್ಲಿ ಈಗ ಇದ್ದೇನೆ; ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ನನ್ನ ಹೊತ್ತು ನನಗೆ ಉಳಿಯುವುದಿಲ್ಲ.

ಕ್ಲಬ್ಬಿನ ಹಳೆಯ ಸದಸ್ಯ:
ಗಂಟೆಯ ಲೆಕ್ಕದಲ್ಲಿ ಟೆನಿಸ್ ಆಡಲು ಹೊರಟಿರುವುದೇ ತಪ್ಪು ಎಂದು ನನ್ನ ಅಭಿಪ್ರಾಯ. 1996ರಲ್ಲಿ ಭವಿಷ್ಯ ನಿಧಿಯಿಂದ ಸಾಲ ತೆಗೆದು 18,000 ರೂಪಾಯಿ ಕಟ್ಟಿ ನಾನು ಕ್ಲಬ್ಬಿನ ಸದಸ್ಯನಾದೆ. ಮನೆಯಲ್ಲಿ ಒಂದು ವಾರ ನನ್ನೊಂದಿಗೆ ಯಾರೂ ಮಾತನಾಡಲಿಲ್ಲ. ಇಂದಿಗೂ ಬೆಳಿಗ್ಗೆ 5.45ಕ್ಕೆ ಹೋಗಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರೆ 6ಕ್ಕೆ ಕೋರ್ಟ್ ನಮ್ಮದು. ಮಣ್ಣಿನ ಕೋರ್ಟು, ಮಾಲಿ ಹಿಂದಿನ ಸಂಜೆಯೇ ನೀರು ಹೊಡೆದು, ರೋಲರ್ ಎಳೆದು, ಬೆಳಿಗ್ಗೆ ಸುಣ್ಣದ ಗೆರೆ ಹಾಕಿರುತ್ತಾನೆ. ಜೊತೆಗಾರ ಬಾರದಿದ್ದರೆ ಸದಸ್ಯರೊಂದಿಗೆ ಆಡಲೆಂದೇ ಕ್ಲಬ್ಬು ಇಟ್ಟುಕೊಂಡಿರುವ ಮಾರ್ಕರ್ ಇದ್ದಾನೆ. ನನಗೀಗ 67 ವರ್ಷ, ಮೊಣಕಾಲು ಎರಡೂ ದೇವರು ಕೊಟ್ಟವೇ ಇವೆ. ಅದಕ್ಕೆ ಮಣ್ಣೇ ಕಾರಣ.

ಮೂರು ಅಕಾಡೆಮಿ ಕಂಡವ:
1996ರಲ್ಲಿ ನಾನು ಎರಡನೆಯ ತರಗತಿಯಲ್ಲಿದ್ದೆ. ಆಗಲೇ ಸದಸ್ಯತ್ವ ಪಡೆಯದೆ ಇದ್ದದ್ದು ನನ್ನ ತಪ್ಪೇ ಸರಿ, ಹಿರಿಯರು ಕ್ಷಮಿಸಬೇಕು. ಇಂದು ಅದೇ ಸದಸ್ಯತ್ವಕ್ಕೆ ಎಷ್ಟು ಲಕ್ಷ, ಎಷ್ಟು ವರ್ಷದ ಸರದಿ ಎಂಬುದನ್ನೂ ಬರೆದಿದ್ದರೆ ಪ್ರಶ್ನೆ ಕೇಳಿದವರಿಗೆ ಉಪಕಾರವಾಗುತ್ತಿತ್ತು.

ಫ್ಲಾಟಿನ ಮಾಲೀಕ, ಸರ್ಜಾಪುರ ರಸ್ತೆ:
ಕೋರ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡರೆ ಮುಗಿಯಿತು ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ನಾನು ಕೊಂಡದ್ದು ಆ ಕಾರಣಕ್ಕೇ. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ ಕೋರ್ಟಿನ ಚಿತ್ರ ಎರಡು ಪುಟ ತುಂಬಿಕೊಂಡಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉತ್ತರದ ಬೇಸ್‌ಲೈನಿನ ಬಳಿ ಬಿರುಕು ಬಿಟ್ಟು, ಸಣ್ಣ ಮಳೆ ಬಂದರೂ ಅಲ್ಲಿ ಒಂದು ತಟ್ಟೆಯಷ್ಟು ನೀರು ನಿಲ್ಲತೊಡಗಿತು. ಆ ತಟ್ಟೆ ಈಗ ಬಾಗಿಲಿನಷ್ಟಾಗಿದೆ. ಮೇಲ್ಪದರವನ್ನು ಹೊಸದಾಗಿ ಹಾಕಿಸಲು ಬಂದ ಅಂದಾಜು 6 ಲಕ್ಷ 40 ಸಾವಿರ. ನಮ್ಮಲ್ಲಿ 212 ಮನೆಗಳಿವೆ, ಟೆನಿಸ್ ಆಡುವವರು 14 ಜನ. ಸರ್ವಸದಸ್ಯರ ಸಭೆಯಲ್ಲಿ ಆ ವಿಷಯ ಬಂದಾಗ ಉಳಿದ 198 ಮನೆಯವರು ನಮ್ಮನ್ನು ನೋಡಿದ ನೋಟವನ್ನು ನಾನು ಮರೆಯುವಂತಿಲ್ಲ.

ಇದರ ಮೇಲೆ, ಕಳೆದ ಫೆಬ್ರವರಿಯಲ್ಲಿ ಒಂದು ಹುಟ್ಟುಹಬ್ಬಕ್ಕಾಗಿ ಶಾಮಿಯಾನದವರು ಬಂದು ಸರ್ವಿಸ್ ಬಾಕ್ಸಿನೊಳಗೇ ನಾಲ್ಕು ಕಡೆ ಡ್ರಿಲ್ ಹಾಕಿ ಬೋಲ್ಟ್ ಬಿಗಿದರು. ಸಮಾರಂಭ ಮುಗಿದ ಮೇಲೆ ಬೋಲ್ಟ್ ತೆಗೆದು ರಂಧ್ರಗಳಿಗೆ ಬಿಳಿ ಸಿಮೆಂಟ್ ತುಂಬಿ ಹೋದರು. ಚೆಂಡು ಅಲ್ಲಿ ಬಿದ್ದರೆ ಯಾವ ಕಡೆಗೆ ಹೋಗುತ್ತದೆ ಎಂಬುದು ನಮ್ಮ ಹದಿನಾಲ್ಕು ಜನರಿಗೆ ಮಾತ್ರ ಗೊತ್ತು. ಹೊರಗಿನವರನ್ನು ಕರೆದುಕೊಂಡು ಬಂದರೆ ಅತಿಥಿ ಶುಲ್ಕ 150, ಅದೂ ನಿವಾಸಿ ಜೊತೆಯಲ್ಲಿ ಆಡುತ್ತಿದ್ದರೆ ಮಾತ್ರ.

ಹಿರಿಯರು ಮಣ್ಣಿನ ಕೋರ್ಟನ್ನು ಹೊಗಳಿದ್ದಾರೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನಾವು ಟ್ಯಾಂಕರಿಗೆ ಕಾದು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡುತ್ತಿದ್ದ ಆ ದಿನಗಳಲ್ಲಿ ನಿಮ್ಮ ಮಾಲಿ ಸಂಜೆ ಹೊಡೆಯುತ್ತಿದ್ದ ನೀರು ಯಾವುದು, ತಿಳಿಸುವಿರಾ?

ಕ್ಲಬ್ಬಿನ ಹಳೆಯ ಸದಸ್ಯ:
ಸಂಸ್ಕರಿಸಿದ ನೀರು. ರಸೀದಿ ಇದೆ. ಸಿಮೆಂಟಿನಂಥ ಗಟ್ಟಿ ನೆಲದ ಹಾರ್ಡ್ ಕೋರ್ಟಿಗೆ ನೀರು ಬೇಡ ಎಂದು ಬೀಗುವವರು ಮಳೆಗಾಲದಲ್ಲಿ ಅದೇ ಕೋರ್ಟಿನ ಮೇಲಿನ ನೀರನ್ನು ವೈಪರ್ ಹಿಡಿದು ತಳ್ಳುತ್ತಾ ಅರ್ಧ ಗಂಟೆ ಕಳೆಯುವುದನ್ನು ನಾನು ನೋಡಿದ್ದೇನೆ. 2014ರ ಸೆಪ್ಟೆಂಬರಿನಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ಸರ್ಬಿಯಾದ ವಿರುದ್ಧ ಡೇವಿಸ್ ಕಪ್ ನಡೆದಾಗ ನಾನು ಎಲ್ಲ ದಿನವೂ ಇದ್ದೆ. ಶನಿವಾರ ಪೇಸ್ ಮತ್ತು ನಮ್ಮ ಕೊಡಗಿನ ಬೋಪಣ್ಣ ಎರಡು ಸೆಟ್ ಸೋತ ಮೇಲೆ ಪಂದ್ಯ ಗೆದ್ದರು. ಭಾನುವಾರ ಮಳೆ ಬಂದು ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು, ನಾವು 3-2ರಿಂದ ಸೋತೆವು. ಅಂತರರಾಷ್ಟ್ರೀಯ ಮಟ್ಟದ ಹಾರ್ಡ್ ಕೋರ್ಟಿನ ಗತಿಯೇ ಅದಾದರೆ ನಿಮ್ಮ ಅಪಾರ್ಟ್‌ಮೆಂಟಿನದ್ದನ್ನು ಕೇಳುವುದೇನು?

ಫ್ಲಾಟಿನ ಮಾಲೀಕ, ಸರ್ಜಾಪುರ ರಸ್ತೆ:
ಅದೇ ಮಳೆ ನಿಮ್ಮ ಮಣ್ಣಿನ ಕೋರ್ಟಿನ ಮೇಲೆ ಬಂದಿದ್ದರೆ ಆ ಪಂದ್ಯ ಬುಧವಾರ ನಡೆಯುತ್ತಿತ್ತು.

ಪಿಕಲ್‌ಬಾಲ್‌ಗೆ ಹೋದವಳು:
ನಾನು ಹದಿನಾರು ವರ್ಷ ಟೆನಿಸ್ ಆಡಿದವಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮಾತು ಮುಂದೆ ಹೋಗುವುದಿಲ್ಲ. ಕೋರ್ಟಿಗೆ 700, ಮೂರು ಚೆಂಡಿನ ಡಬ್ಬಿಗೆ 450, ಎರಡು ತಿಂಗಳಿಗೊಮ್ಮೆ ಗಟ್ಟಿಂಗ್‌ಗೆ, ಅಂದರೆ ರಾಕೆಟ್ಟಿಗೆ ಹೊಸ ತಂತಿ ಹಾಕಿಸಲು, 900, ಭುಜದ ನೋವಿಗೆ ಫಿಸಿಯೋಥೆರಪಿಯ ಹನ್ನೆರಡು ಭೇಟಿಗಳಿಗೆ 8,400. ಜೊತೆಗಾರ್ತಿ ಬೆಳಿಗ್ಗೆ ಐದೂಮುಕ್ಕಾಲಿಗೆ ಸಂದೇಶ ಕಳುಹಿಸಿ ಬರುವುದಿಲ್ಲ ಎಂದರೆ 700 ನನ್ನ ತಲೆಗೆ. ಈಗ ಆಡುವುದು ಪಿಕಲ್‌ಬಾಲ್, ಸಣ್ಣ ಕೋರ್ಟಿನಲ್ಲಿ ತಂತಿಯಿಲ್ಲದ ಹಲಗೆಯಂಥ ಬ್ಯಾಟಿನಿಂದ ಆಡುವ ಆಟ; ನಾಲ್ವರು ಸೇರಿ 600 ಕೊಡುತ್ತೇವೆ, ತಲೆಗೆ 150. ಗಟ್ಟಿಂಗ್ ಎಂಬುದೇ ಇಲ್ಲ. ಒಬ್ಬರು ತಪ್ಪಿಸಿಕೊಂಡರೆ ಪಕ್ಕದ ಕೋರ್ಟಿನಿಂದ ಯಾರಾದರೂ ಬರುತ್ತಾರೆ. ನೀವು ಹೇಳಿದ 2,500ರಲ್ಲಿ ವಾರಕ್ಕೆ ನಾಲ್ಕು ದಿನ ಆಡಬಹುದು.

ಕ್ಲಬ್ಬಿನ ಹಳೆಯ ಸದಸ್ಯ:
ಟೆನಿಸ್ ಕೋರ್ಟ್ ಎಲ್ಲಿದೆ ಎಂದು ಕೇಳಿದವರಿಗೆ ಟೆನಿಸ್ ಬಿಡಿ ಎಂದು ಹೇಳುವುದು ಯಾವ ಸೀಮೆಯ ಸಲಹೆ? ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ಅಂಥವು ನಾಲ್ಕು ಕೂರುತ್ತವೆ, ಆದ್ದರಿಂದಲೇ ನಮ್ಮ ಕೋರ್ಟುಗಳು ಒಂದೊಂದಾಗಿ ಮಾಯವಾಗುತ್ತಿವೆ. ನನ್ನ ಅಳಿಯನ ಮನೆಯ ಹತ್ತಿರದ ಕೋರ್ಟಿನಲ್ಲಿ ಎರಡೂ ಆಟಗಳ ಗೆರೆಗಳನ್ನು ಬಳಿದು ಒಂದೇ ನೆಟ್ಟನ್ನು ಎರಡಕ್ಕೂ ಬಳಸುತ್ತಾರೆ. ರಾಕೆಟ್ಟನ್ನು ನೆಟ್ಟಿನ ಪಕ್ಕ ಲಂಬವಾಗಿ ನಿಲ್ಲಿಸಿ, ಅದರ ಮೇಲೆ ಇನ್ನೊಂದು ರಾಕೆಟ್ಟಿನ ಮುಖವನ್ನು ಅಡ್ಡಲಾಗಿ ಇಟ್ಟರೆ ನೆಟ್ಟಿನ ನಡುವಿನ ಎತ್ತರ, ಅಂದರೆ 3 ಅಡಿ, ಸಿಗಬೇಕು. ನಾನು ಅಲ್ಲಿ ಇಟ್ಟು ನೋಡಿದೆ. ಮೇಲಿನ ರಾಕೆಟ್ ಎರಡು ಬೆರಳು ಮೇಲಕ್ಕೆ ಎದ್ದು ನಿಂತಿತ್ತು. ಪಿಕಲ್‌ಬಾಲ್‌ಗೆ 34 ಇಂಚಿಗೆ ಇಳಿಸಿದ ನೆಟ್ಟನ್ನು ಎತ್ತುವ ಗೋಜಿಗೇ ಯಾರೂ ಹೋಗಿರಲಿಲ್ಲ. ಟೆನಿಸ್ಸಿಗೆ ಬಂದವರಿಂದ ಪೂರ್ತಿ ಹಣ.

ಪಿಕಲ್‌ಬಾಲ್‌ಗೆ ಹೋದವಳು:
ಅಂಕಲ್, ನೆಟ್ಟನ್ನು ಇಳಿಸಿದವಳು ನಾನಲ್ಲ. ಅದೇ ಜಾಗದಲ್ಲಿ ಡಬಲ್ಸ್ ಆಡಿಸಿದರೆ ನಾಲ್ಕು ಜನ, ಪಿಕಲ್‌ಬಾಲ್ ಆಡಿಸಿದರೆ ಹದಿನಾರು ಜನ. ಜಾಗದ ಬಾಡಿಗೆ ಕಟ್ಟುವವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ತಿಳಿಯಲು ನಿಮ್ಮಷ್ಟು ವರ್ಷಗಳ ಅನುಭವ ಬೇಡ. ಕ್ಲಬ್ಬಿನ ಗೇಟಿನಲ್ಲಿ ಸದಸ್ಯರಲ್ಲದವರನ್ನು ಮೂವತ್ತು ವರ್ಷ ತಡೆದು ನಿಲ್ಲಿಸಿದವರು ಟೆನಿಸ್ ಮಾಯವಾಗುತ್ತಿದೆ ಎಂದು ಈಗ ಮರುಗುವುದು ಚೆನ್ನಾಗಿ ಕಾಣುವುದಿಲ್ಲ.

ಹನ್ನೆರಡರ ಹುಡುಗಿಯ ತಾಯಿ:
ಅಕಾಡೆಮಿಗಳು ಒಳ್ಳೆಯ ಹೊತ್ತನ್ನೆಲ್ಲ ನುಂಗಿಬಿಡುತ್ತವೆ ಎಂದು ಮೇಲೆ ಬರೆದವರಿಗೆ ನಾನೊಂದು ಮಾತು ಹೇಳಬೇಕಾಗಿದೆ. ಆ ಹೊತ್ತಿಗೆ ಹಣ ಕಟ್ಟುವವರು ನಾವು. ನನ್ನ ಮಗಳಿಗೆ ತಿಂಗಳಿಗೆ 9,500 ಶುಲ್ಕ. ಷೂ ನಾಲ್ಕು ತಿಂಗಳಿಗೊಂದು ಜೊತೆ, ಅದೂ ಬಲಗಾಲಿನ ಹೆಬ್ಬೆರಳಿನ ಕಡೆ ಮಾತ್ರ ಸವೆದಿರುತ್ತದೆ, ಎಡಗಾಲಿನದ್ದು ಹೊಸದರಂತೆ ಇರುತ್ತದೆ, ಆದರೆ ಅಂಗಡಿಯವರು ಒಂದು ಕಾಲಿನದ್ದನ್ನು ಮಾರುವುದಿಲ್ಲ. ಪಂದ್ಯಾವಳಿಗೆಂದು ಬೇರೆ ಊರಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತರೆ ರೈಲು, ವಸತಿ, ಊಟ, ಪ್ರವೇಶ ಶುಲ್ಕ ಎಲ್ಲ ಸೇರಿ 50 ನಿಮಿಷದ ಆಟಕ್ಕೆ 11,000 ರೂಪಾಯಿ. ಕಳೆದ ವರ್ಷ ಹಾಗೆ ಐದು ಬಾರಿ ಆಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಉಳಿಯುವುದು 4.30ರಿಂದ 7.30ರವರೆಗಿನ ಹೊತ್ತು ಮಾತ್ರ. ನಮ್ಮ ಕೋಚ್ ಗಂಟೆಯ ಲೆಕ್ಕದ ಆಟಗಾರರಿಗೆ ಒಂದು ಕೋರ್ಟ್ ಬಿಟ್ಟುಕೊಟ್ಟ ತಿಂಗಳು, ಆರು ಮಕ್ಕಳು ಒಂದೇ ಕೋರ್ಟಿನಲ್ಲಿ ಸಾಲಾಗಿ ನಿಂತು ತಲಾ ನಾಲ್ಕು ಚೆಂಡು ಹೊಡೆದು ಸಾಲಿನ ಹಿಂದಕ್ಕೆ ಹೋಗುತ್ತಿದ್ದರು. ನಾನು ಬೇಲಿಯ ಆಚೆ ನಿಂತು ಎಣಿಸಿದ್ದೇನೆ: ಒಂದು ಗಂಟೆಯಲ್ಲಿ ನನ್ನ ಮಗಳು ಹೊಡೆದದ್ದು 84 ಚೆಂಡು.

ಮೂರು ಅಕಾಡೆಮಿ ಕಂಡವ:
ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಬೆಳಿಗ್ಗೆ 6ರಿಂದ 8ರವರೆಗೆ ನಿಮ್ಮ ಮಕ್ಕಳು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ನಾನು ಕಂಡ ಕಡೆಗಳಲ್ಲಿ ಆ ಹೊತ್ತಿಗೆ ಕೋರ್ಟಿನಲ್ಲಿ ಇದ್ದದ್ದು ಕೋಚ್ ಮತ್ತು ತಿಂಗಳಿಗೆ 12,000 ಕೊಟ್ಟು ಒಬ್ಬರೇ ಕಲಿಯುವ ಕಂಪನಿಯ ದೊಡ್ಡ ಅಧಿಕಾರಿಗಳು. ಮಕ್ಕಳ ಹೆಸರಿನಲ್ಲಿ ಅದನ್ನು ಸಮರ್ಥಿಸಬೇಡಿ.

ಹನ್ನೆರಡರ ಹುಡುಗಿಯ ತಾಯಿ:
ನನ್ನ ಮಗಳು ಬೆಳಿಗ್ಗೆ 5.30ಕ್ಕೆ ಕೋರ್ಟಿನಲ್ಲಿರುತ್ತಾಳೆ. ಕಾರಿನಲ್ಲೇ ಸಮವಸ್ತ್ರ ತೊಟ್ಟು, ಚಿತ್ರಾನ್ನ ತಿಂದು ಶಾಲೆಗೆ ಹೋಗುತ್ತಾಳೆ. ತಿಳಿಯದಿದ್ದರೆ ಕೇಳಿ, ಹೇಳುತ್ತೇನೆ.

ಗೋಡೆಯ ಜೊತೆಗಾರ:
ನಾನು ಎರಡು ವರ್ಷ ನಮ್ಮ ಬೀದಿಯ ಖಾಲಿ ಸೈಟಿನ ಪಕ್ಕದ ಗೋಡೆಗೆ ಹೊಡೆಯುತ್ತಾ ಆಡಿದೆ. ಇಟ್ಟಿಗೆ ಚೂರಿನಿಂದ 3 ಅಡಿ ಎತ್ತರದಲ್ಲಿ ಗೆರೆ ಎಳೆದುಕೊಂಡಿದ್ದೆ. ಖರ್ಚು ಸೊನ್ನೆ. ಗೋಡೆಯ ಆಚೆ ಮಲಗುವ ಕೋಣೆ ಇದೆ ಎಂಬುದು ಅಲ್ಲಿಯ ಹಿರಿಯರು ಬಂದು ಹೇಳಿದಾಗಲೇ ತಿಳಿದದ್ದು. ಭಾನುವಾರ 9 ಗಂಟೆಯ ನಂತರ ಆಡಲು ಅವರು ಒಪ್ಪಿದ್ದರು. ಈಗ ಸೈಟಿನಲ್ಲಿ ಮನೆ ಏಳುತ್ತಿದೆ.

ಧಾರವಾಡದವ:
ಎಲ್ಲರಿಗೂ ಕೃತಜ್ಞತೆಗಳು. ಬನಶಂಕರಿಯ ಸುತ್ತಮುತ್ತ ಕೋರ್ಟ್ ಎಲ್ಲಿದೆ ಎಂಬುದನ್ನು ಯಾರೂ ಬರೆಯಲಿಲ್ಲವಾದ್ದರಿಂದ ನಾನೇ ಮೂರು ಸಂಜೆ ಸ್ಕೂಟರಿನಲ್ಲಿ ಸುತ್ತಿದೆ. ಮೊಬೈಲಿನ ಯಾವ ಆ್ಯಪಿನಲ್ಲೂ ಇಲ್ಲದ ಒಂದು ಕೋರ್ಟ್ ಶಾಲೆಯೊಂದರ ಹಿಂಭಾಗದಲ್ಲಿ ಸಿಕ್ಕಿತು. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ 6ರಿಂದ 7, ಗಂಟೆಗೆ 350. ಎಂಟು ದಿನಕ್ಕೆ 2,800, ಇಬ್ಬರು ಹಂಚಿಕೊಂಡರೆ ತಲಾ 1,400. ದೀಪಗಳಿಲ್ಲ, ಜನವರಿಯಲ್ಲಿ ಬೆಳಕಾಗುವುದು ಆರೂವರೆಯ ಮೇಲೆ, ಆಗ ಏನು ಮಾಡುವುದೋ ನೋಡಬೇಕು. ನೆಟ್ಟನ್ನು ನಡುವೆ ಕೆಳಕ್ಕೆ ಎಳೆದು ಹಿಡಿಯುವ ಪಟ್ಟಿ ಹರಿದಿದೆ, ಹೊಸದನ್ನು ನಾವೇ ತರುತ್ತೇವೆಂದು ಹೇಳಿದ್ದೇವೆ.

ಕ್ಲಬ್ಬಿನ ಹಳೆಯ ಸದಸ್ಯ:
ಪಟ್ಟಿ ಬಿಗಿದ ಮೇಲೆ ಎರಡು ರಾಕೆಟ್ ಇಟ್ಟು ಎತ್ತರ ನೋಡಿ. ಕೋರ್ಟು ಸಿಮೆಂಟಿನದೋ?

ಧಾರವಾಡದವ:
ಹೌದು, ಸಿಮೆಂಟಿನದು.

ಮೂರು ಅಕಾಡೆಮಿ ಕಂಡವ:
ಜಾಗ ಶಾಲೆಯದ್ದೇನಾ, ಬಾಡಿಗೆಯದ್ದಾ, ಕೇಳಿದಿರಾ?

ಧಾರವಾಡದವ:
ಕೇಳಿದೆ. ಕಾವಲುಗಾರರಿಗೆ ಗೊತ್ತಿಲ್ಲ, ಆಫೀಸಿನವರು ಸೋಮವಾರ ಬರಲು ಹೇಳಿದ್ದಾರೆ. ಒಂದು ತಿಂಗಳ ಹಣವನ್ನು ಮಾತ್ರ ಕಟ್ಟಿದ್ದೇನೆ.