ಕೂಡಿಟ್ಟ 40 ಸಾವಿರ ಕಂಪ್ಯೂಟರಿಗೆ ಹಾಕಲಾ, ಗೇಮ್‌ಗೆ ಹಾಕಲಾ? ಅನುಭವ ಇದ್ದವರು ಹೇಳಿ

ಶಿರಸಿಯಿಂದ ಪ್ರಶ್ನೆ:
ನಮಸ್ಕಾರ. ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಒಂದು ಚಿಕ್ಕ ಗೇಮ್ ಮಾಡುತ್ತಿದ್ದೇನೆ. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವ ಆಟ. ಆರು ಹಂತದಲ್ಲಿ ನಾಲ್ಕು ಮುಗಿದಿವೆ. ಅದನ್ನು ಹೇಗೆ ಮಾಡುತ್ತಿದ್ದೇನೆ ಅಂತ 23 ವಿಡಿಯೊ ಹಾಕಿದ್ದೇನೆ, 312 ಸಬ್‌ಸ್ಕ್ರೈಬರ್ ಇದ್ದಾರೆ. ಕಂಪ್ಯೂಟರ್ ರೈಜನ್ 5 2600 ಪ್ರೊಸೆಸರ್ (ಚಿಪ್), ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 1050 ಟಿಐ ಗ್ರಾಫಿಕ್ಸ್ ಕಾರ್ಡ್. ಫೋನಿನಲ್ಲಿ ತೆಗೆದ 4ಕೆ ವಿಡಿಯೊ ಎಡಿಟ್ ಮಾಡಲು ಕೂತರೆ ತಡೆದು ತಡೆದು ಓಡುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಾ, ಇಲ್ಲ ದುಡ್ಡನ್ನು ಚಿತ್ರ, ಸಂಗೀತ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶುಲ್ಕಕ್ಕೆ ಇಟ್ಟುಕೊಳ್ಳಲಾ?

ಬೆಂಗಳೂರಿನಿಂದ:
ಸೆಕೆಂಡ್ ಹ್ಯಾಂಡ್ ಕಾರ್ಡ್ ಮಾತ್ರ ಬೇಡ. ನಾನು ಎಸ್‌ಪಿ ರೋಡಿನಲ್ಲಿ ಮೂರು ಶನಿವಾರ ಅಲೆದು ಆರ್‌ಟಿಎಕ್ಸ್ 3060 ತಗೊಂಡೆ. 16,500 ರೂಪಾಯಿ. ಅದೂ ಬಿಲ್ ಬೇಡ ಅಂದಿದ್ದಕ್ಕೆ ಸಾವಿರ ಕಡಿಮೆ ಮಾಡಿದ ಮೇಲೆ. ಮನೆಗೆ ತಂದರೆ ಕ್ಯಾಬಿನೆಟ್‌ನಲ್ಲಿ ಕೂರಲೇ ಇಲ್ಲ, ಹಾರ್ಡ್ ಡಿಸ್ಕ್ ಇಡುವ ಜಾಗಕ್ಕೆ ತಾಗುತ್ತಿತ್ತು. ಕ್ಯಾಬಿನೆಟ್ 3,200. ನನ್ನ ಹಳೆ 1050 ಟಿಐ ಬೋರ್ಡಿನಿಂದಲೇ ಕರೆಂಟ್ ತಗೊಳ್ಳುತ್ತಿತ್ತು, ಇದಕ್ಕೆ ಎಂಟು ಪಿನ್ನಿನ ವೈರ್ ಬೇರೆ ಬೇಕು. ಹೊಸ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) 5,800. ಎರಡು ಸಲ ಆಟೊ, 640. ಸರಿಯಾಗಿ 41ನೇ ದಿನ ಪರದೆ ತುಂಬಾ ಹಸಿರು ಚುಕ್ಕಿ ಬಂದವು. ಅಂಗಡಿಯವರು "ಬಿಲ್ ತೋರಿಸಿ" ಅಂದರು. ಒಟ್ಟು 26,140 ಹೋಯಿತು. ಈಗ ಮತ್ತೆ ಹಳೆ ಕಾರ್ಡ್ ಹಾಕಿಕೊಂಡಿದ್ದೇನೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿಯಿಂದ:
ನಾನು ಕಾರ್ಡಿಗೆ ಒಂದು ರೂಪಾಯಿ ಹಾಕಲಿಲ್ಲರೀ. ನನ್ನದೂ ಬಿ450 ಬೋರ್ಡೇ. 2600 ಪ್ರೊಸೆಸರ್ ತೆಗೆದು ಅದೇ ಸಾಕೆಟ್‌ಗೆ ಅದಕ್ಕಿಂತ ಹೊಸ ರೈಜನ್ 5 5600 ಕೂರಿಸಿದೆ. ಹಳೆ ಚಿಪ್ ಇರುವಾಗಲೇ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಮೊದಲು ಹೊಸ ಚಿಪ್ ಹಾಕಿಬಿಟ್ಟರೆ ಪರದೆ ಮೇಲೆ ಏನೂ ಬರುವುದಿಲ್ಲ, ಹಳೆಯದನ್ನು ಮತ್ತೆ ಕೂರಿಸಬೇಕಾಗುತ್ತದೆ. ನಮ್ಮ ಕಡೆ ಸಂಜೆ ಕರೆಂಟ್ ನಂಬುವ ಹಾಗಿಲ್ಲ, ನಡುವೆ ಹೋದರೆ ಬೋರ್ಡೇ ಸತ್ತಂತೆ. ಗೆಳೆಯನ ಮನೆಯಿಂದ ಯುಪಿಎಸ್ ಹೊತ್ತು ತಂದು ಬೆಳಿಗ್ಗೆ ಐದೂವರೆಗೆ ಮಾಡಿದೆ. ರ‍್ಯಾಮ್ 16 ಜಿಬಿಯನ್ನು 2024ರಲ್ಲೇ 2,900ಕ್ಕೆ ತಗೊಂಡಿದ್ದೆ. ಎಐ ಡೇಟಾ ಸೆಂಟರ್‌ಗಳಿಂದಾಗಿ 2025ರ ಕೊನೆಗೆ ರ‍್ಯಾಮ್ ಬೆಲೆ ಹೇಗೆ ಏರಿತು ಅಂತ ನೋಡಿದವರಿಗೆ ಗೊತ್ತು. ಅವತ್ತಿನ ನಿರ್ಧಾರಕ್ಕೆ ಇವತ್ತಿಗೂ ಖುಷಿ ಇದೆ.

ಇನ್ನೊಂದು ಮಾತು. ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಒಂದೇ ಸಮ ಇರುವುದಿಲ್ಲ. ಹತ್ತು ನಿಮಿಷ ಕಳೆದ ಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಇದಕ್ಕಾಗಿ ನಾನು ಎರಡು ಮೈಕ್ ಬದಲಾಯಿಸಿದೆ, 4,700 ದಂಡ. ತಪ್ಪು ಮೈಕಿನದಾಗಿರಲಿಲ್ಲ. ಈಗ ವಿಡಿಯೊ ಬದಲಾಯಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಸೆಕೆಂಡಿಗೆ ಸಮ 30 ಫ್ರೇಮ್‌ಗೆ ಬದಲಾಯಿಸಿ, ಪ್ರಾಕ್ಸಿ (ಎಡಿಟ್‌ಗೆಂದೇ ಮಾಡುವ ಹಗುರ ನಕಲು) ಮಾಡಿಕೊಂಡೇ ಎಡಿಟ್‌ಗೆ ಕೂರುತ್ತೇನೆ.

ಬೆಂಗಳೂರಿನಿಂದ:
ಪ್ರಾಕ್ಸಿ ನಮಗೂ ಗೊತ್ತು ಸಾರ್. ರಾತ್ರಿ ಎರಡು ಗಂಟೆ ಸಿಗುತ್ತದೆ. ಅದರಲ್ಲಿ 50 ನಿಮಿಷ ಪ್ರಾಕ್ಸಿಗೆ ಕೊಟ್ಟರೆ ಕೆಲಸ ಯಾವಾಗ ಮಾಡೋದು?

ಹುಬ್ಬಳ್ಳಿಯಿಂದ:
ಊಟಕ್ಕೆ ಕೂರುವ ಮೊದಲು ಹಚ್ಚಿ ಹೋಗ್ರಿ. ಬಿಲ್ ಇಲ್ಲದೆ ಕಾರ್ಡ್ ತಗೊಂಡಿದ್ದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು?

ಮೈಸೂರಿನಿಂದ:
ಇಬ್ಬರೂ ಕಂಪ್ಯೂಟರ್ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಗೇಮ್ ಮುಗಿಸಿ ಸ್ಟೀಮ್‌ಗೆ ಹಾಕಿದೆ. ಲೆಕ್ಕ ಹೇಳುತ್ತೇನೆ. ಶುಲ್ಕ 100 ಡಾಲರ್. ಅದು ವಾಪಸ್ ಬರುವುದು ಮಾರಾಟ 1,000 ಡಾಲರ್ ದಾಟಿದ ಮೇಲೆ. ಚಿತ್ರ ಬರೆದವರಿಗೆ 22,000, ಸಂಗೀತಕ್ಕೆ 6,000. ಮುಖಪುಟದ ಚಿತ್ರ ಎರಡು ಸಲ ಬರೆಸಿದೆ, ಅದಕ್ಕೆ 3,500. ಮಾರಾಟವಾಗಿದ್ದು 143 ಪ್ರತಿ. ಅದರಲ್ಲಿ 19 ವಾಪಸ್. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಅದು ಎಲ್ಲರಿಗೂ ಗೊತ್ತಿರುವ ನಿಯಮ. ನನ್ನ ಆಟದ ಉದ್ದ 1 ಗಂಟೆ 40 ನಿಮಿಷ. ಪೂರ್ತಿ ಆಡಿ, "ಚೆನ್ನಾಗಿದೆ" ಅಂತ ಬರೆದು ವಾಪಸ್ ಮಾಡಿದವರಿದ್ದಾರೆ. ಹಾಕಿದ ದುಡ್ಡು ಇನ್ನೂ ಬಂದಿಲ್ಲ. ಆದರೂ ಗೇಮ್ ಹೊರಗೆ ಬಂತು, ಅದೇ ನನಗೆ ದೊಡ್ಡದು.

ನನ್ನನ್ನು ಜಾಸ್ತಿ ಸತಾಯಿಸಿದ್ದು ಕನ್ನಡ ಅಕ್ಷರ. ಗೇಮ್ ಕಟ್ಟಲು ನಾನು ಬಳಸಿದ ಸಾಫ್ಟ್‌ವೇರ್, ಅಂದರೆ ಎಂಜಿನ್‌ನಲ್ಲಿ ಒತ್ತಕ್ಷರ ಕೂರುತ್ತಿರಲಿಲ್ಲ. "ಅಮ್ಮ" ಅಂತ ಬರೆದರೆ "ಅಮ್‌ಮ" ಅಂತ ಬರುತ್ತಿತ್ತು. ಕೊನೆಗೆ 380 ಸಾಲು ಮಾತನ್ನೂ ಚಿತ್ರ ಮಾಡಿ ಅಂಟಿಸಿದೆ. ಏಳು ವಾರ ಹಿಡಿಯಿತು.

ಪುತ್ತೂರಿನಿಂದ:
ಏಳು ವಾರ ಯಾಕೆ ಮಾರಾಯ್ರೇ? ಗೊಡಾಟ್ ಎಂಜಿನ್‌ನ 4ನೇ ಆವೃತ್ತಿ ಬಂದದ್ದು 2023ರ ಮಾರ್ಚ್‌ನಲ್ಲಿ. ಅದರಲ್ಲಿ ಒತ್ತು, ದೀರ್ಘ ಎಲ್ಲಾ ಸರಿಯಾಗಿ ಕೂರುತ್ತದೆ. ಒಳ್ಳೆ ಯೂನಿಕೋಡ್ ಫಾಂಟ್ ಕೊಟ್ಟರೆ ಸಾಕು. ಎಂಜಿನ್ನೂ ಉಚಿತ. ನಾನು ಯೂನಿಟಿ ಅನ್ನುವ ಇನ್ನೊಂದು ಎಂಜಿನ್‌ನಿಂದ ಬಂದವನು. 2023ರ ಸೆಪ್ಟೆಂಬರ್‌ನಲ್ಲಿ ಗೇಮ್ ಎಷ್ಟು ಸಲ ಇನ್‌ಸ್ಟಾಲ್ ಆಯಿತೋ ಆ ಲೆಕ್ಕದಲ್ಲಿ ಶುಲ್ಕ ಅಂತ ಹೇಳಿದರಲ್ಲ, ಅವತ್ತೇ ಹೊರಟೆ. 14 ತಿಂಗಳ ಕೋಡ್ ಬಿಟ್ಟು ಮೊದಲಿನಿಂದ ಬರೆದೆ.

ಮೈಸೂರಿನಿಂದ:
ಆ ಶುಲ್ಕವನ್ನು ಮರುವರ್ಷ ಸೆಪ್ಟೆಂಬರ್‌ನಲ್ಲಿ ಪೂರ್ತಿ ಕೈಬಿಟ್ಟರು. ನಮ್ಮ ನಿಮ್ಮಂಥ ಚಿಕ್ಕವರಿಗೆ ಅದು ಮೊದಲೂ ತಾಗುತ್ತಿರಲಿಲ್ಲ. ಸುಮ್ನೆ 14 ತಿಂಗಳ ಕೆಲಸ ಬಿಟ್ಟಿರಿ. ನಿಮ್ಮ ಗೇಮ್ ಎಲ್ಲಿದೆ?

ಪುತ್ತೂರಿನಿಂದ:
ಬರುತ್ತದೆ. ಚಿತ್ರ ಅಂಟಿಸಿದ ಅಕ್ಷರದಲ್ಲಿ ಒಂದು ಕಾಗುಣಿತ ತಪ್ಪಿದರೆ ನೀವು ಮತ್ತೆ ಚಿತ್ರ ಮಾಡಬೇಕು. ನಾನು ಒಂದು ಸಾಲು ತಿದ್ದಿದರೆ ಮುಗಿಯಿತು. ಅವಸರಕ್ಕೆ ಬಿದ್ದು ಕನ್ನಡ ಕೆಡಿಸುವುದು ನನಗೆ ಆಗುವುದಿಲ್ಲ.

ಮೈಸೂರಿನಿಂದ:
ಕನ್ನಡ ಕೆಡಿಸಿದೆ ಅನ್ನಬೇಡಿ. 380 ಸಾಲನ್ನೂ ನನ್ನ ಅಕ್ಕ ಓದಿ ತಿದ್ದಿದ್ದಾರೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಒಂದು ತಪ್ಪು ತೋರಿಸಿ, ಆಮೇಲೆ ಮಾತಾಡೋಣ.

ಶಿರಸಿಯಿಂದ:
ಜಗಳ ಬೇಡ, ದಯವಿಟ್ಟು. ಎಡಿಟ್ ಮಾಡುವಾಗ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. 8 ಜಿಬಿ ಪೂರ್ತಿ ತುಂಬಿದೆ, ಕಾರ್ಡ್ ಅರ್ಧವೂ ಓಡುತ್ತಿಲ್ಲ. ನನ್ನ ಗೇಮ್ ಗೊಡಾಟ್ 3ರಲ್ಲಿದೆ, ಅಲ್ಲೂ "ಅಮ್‌ಮ" ಅಂತಲೇ ಬರುತ್ತಿದೆ. 4ಕ್ಕೆ ದಾಟಿಸಿದರೆ ಮುಗಿದ ನಾಲ್ಕು ಹಂತ ಉಳಿಯುತ್ತವಾ?

ಪುತ್ತೂರಿನಿಂದ:
ಪ್ರಾಜೆಕ್ಟನ್ನು ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ. ಬದಲಾಯಿಸುವ ಟೂಲ್ ಗೊಡಾಟ್ 4ರಲ್ಲೇ ಇದೆ, ಆದರೆ ಎಲ್ಲವನ್ನೂ ಮಾಡುವುದಿಲ್ಲ. ಕೋಡಿನ ಹೆಸರುಗಳೇ ಬದಲಾಗಿವೆ: ಕೈನೆಮ್ಯಾಟಿಕ್‌ಬಾಡಿ ಹೋಗಿ ಕ್ಯಾರೆಕ್ಟರ್‌ಬಾಡಿ ಆಗಿದೆ, ಯೀಲ್ಡ್ ಹೋಗಿ ಅವೇಟ್ ಆಗಿದೆ, ಚಲನೆ ಮಾಡಿಸುವ ಟ್ವೀನ್ ಪೂರ್ತಿ ಬೇರೆ. ನನ್ನ ಇನ್ನೊಂದು ಚಿಕ್ಕ ಆಟವನ್ನು 3ರಿಂದ ದಾಟಿಸಲು ಹನ್ನೊಂದು ರಾತ್ರಿ ಬೇಕಾಯಿತು.

ಬೆಂಗಳೂರಿನಿಂದ:
ರ‍್ಯಾಮ್ ತಗೊಂಡರೆ ಬಿಲ್ ತಗೊಳ್ಳಿ.